ದುಬೈ ಬೂಟು, ಅಂಗಳದ ಸಂಕ

ಸಾಹೇಬರ ಬಲಪಾದವನ್ನು ಮಡಿಲಲ್ಲಿಟ್ಟುಕೊಂಡು ಹಿಮ್ಮಡಿಯ ಬಿಗಿ ಬಿಡಿಸುತ್ತಿದ್ದೆ. ಭಟ್ಕಳದ ನವಾಯತ್ ಕಾಲೋನಿಯ ಮನೆ, ಮಗ್ರಿಬ್ ನಮಾಜು ಮುಗಿದ ಹೊತ್ತು. ಸೊಸೆ ಮೊಬೈಲು ತಂದು ನನ್ನೆದುರು ಹಿಡಿದಳು. ದುಬೈನಿಂದ ಮಗ.

"ಮೇಡಂ, ಇಲ್ಲಿ ಒಂದು ರೋಬೋಟ್ ಸಿಗ್ತದೆ. ಕಾಲಿಗೆ ಹಾಕುದು. ಮನೆಯಲ್ಲೇ ಇಟ್ಕೊಂಡು ಪ್ರಾಕ್ಟೀಸ್ ಮಾಡ್ಬಹುದಂತೆ. ದುಡ್ಡಿನ ಚಿಂತೆ ಇಲ್ಲ. ಅದನ್ನು ಹಾಕಿದ್ರೆ ಅಬ್ಬಾ ನಡೀತಾರಾ? ಅಷ್ಟು ಹೇಳಿ ಸಾಕು."

ಅಷ್ಟು ಹೇಳುವುದು ಸುಲಭವಿರಲಿಲ್ಲ. ಆ ಮನೆಗೆ ನಾನು ಹೋಗುತ್ತಿದ್ದುದು ವಾರಕ್ಕೆ ಎರಡೇ ದಿನ, ಒಂದೊಂದು ತಾಸು. ಉಳಿದ ಐದು ದಿನ ಲಕ್ವದಿಂದ ಸೋತ ಆ ಕಾಲು ಮಂಚದ ಮೇಲೆ ಬಿದ್ದಿರುತ್ತಿತ್ತು. ಯಂತ್ರ ಬೇಡ ಎಂದರೆ ಹೊಟ್ಟೆಪಾಡಿನ ಮಾತಾಗುತ್ತದೆ. ಬೇಕು ಎಂದರೆ ಪೂರ್ತಿ ನಿಜವಾಗುವುದಿಲ್ಲ. "ತರಿಸಿ, ನೋಡುವಾ. ಆದರೆ ನನ್ನನ್ನು ಬಿಡಿಸ್ಬೇಡಿ" ಎಂದೆ. ಮಗ ನಕ್ಕ. ಅವತ್ತು ಹೇಳಲಾಗದೆ ಉಳಿದ ಉತ್ತರವನ್ನು ಈಗ ಇಲ್ಲಿ ಬರೆಯುತ್ತಿದ್ದೇನೆ.

ನಾನು ಫಿಸಿಯೋಥೆರಪಿಸ್ಟ್. ಮನೆ ಹೊನ್ನಾವರ, ಓದಿದ್ದು ಮಂಗಳೂರಿನಲ್ಲಿ. ಹದಿನೇಳು ವರ್ಷದಿಂದ ಸ್ಕೂಟರಿನ ಮೇಲೆ ಮನೆಮನೆ ಸುತ್ತುತ್ತಿದ್ದೇನೆ. ಸೋಮವಾರ, ಗುರುವಾರ ಭಟ್ಕಳ. ಮಂಗಳವಾರ, ಶುಕ್ರವಾರ ಕುಮಟಾ. ನಡುವಿನ ದಿನಗಳು ಹೊನ್ನಾವರಕ್ಕೆ. ಭಟ್ಕಳದಿಂದ ಕುಮಟಾಕ್ಕೆ ಹೆದ್ದಾರಿಯಲ್ಲಿ ಅರವತ್ತು ಕಿಲೋಮೀಟರಿನ ಆಸುಪಾಸು. ಆಷಾಢದ ಮಳೆಯಲ್ಲಿ ಸ್ಕೂಟರನ್ನು ರೈಲ್ವೆ ಸ್ಟೇಷನ್ನಿನಲ್ಲಿ ನಿಲ್ಲಿಸಿ ಲೋಕಲ್ ಹಿಡಿಯುತ್ತೇನೆ. ಊರವರ ಬಾಯಲ್ಲಿ ನಾನು 'ಕಾಲಿನ ಅಕ್ಕ'.

ಪ್ರತಿ ಮನೆಯಲ್ಲೂ ಮೊದಲ ದಿನ ಒಂದೇ ಮಾತು ಹೇಳುತ್ತೇನೆ: ಲಕ್ವ ಹೊಡೆದದ್ದು ಕಾಲಿಗಲ್ಲ, ತಲೆಗೆ. ಮೆದುಳಿಗೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡರೆ ಅಥವಾ ಒಡೆದರೆ ಆ ಭಾಗದ ನರಕೋಶಗಳು ಸಾಯುತ್ತವೆ. ಕಾಲಿನ ಎಲುಬು, ಮಾಂಸ, ಚರ್ಮ ಎಲ್ಲ ಇದ್ದ ಹಾಗೇ ಇರುತ್ತವೆ. ಅದಕ್ಕೆ ಹುಕುಂ ಕೊಡುವವರು ಮಾತ್ರ ಇರುವುದಿಲ್ಲ. ಉಳಿದುಕೊಂಡ ಕೋಶಗಳು ಆ ಕೆಲಸವನ್ನು ಹೊಸದಾಗಿ ಕಲಿಯಬೇಕು. ಅವು ಕಲಿಯುವುದು ಮಕ್ಕಳು ಮಗ್ಗಿ ಕಲಿತ ಹಾಗೆ, ಹೇಳಿ ಹೇಳಿ, ತಪ್ಪಿ ತಪ್ಪಿ. ನಲವತ್ತು ದಿನ ಎಣ್ಣೆ ತಿಕ್ಕಿ, ಅಲುಗಾಡಬೇಡಿ ಎಂದು ಮಲಗಿಸಿಟ್ಟರೆ ಕಾಲಿಗೆ ಹಿತವಾದೀತು, ತಲೆಗೆ ಪಾಠವಾಗುವುದಿಲ್ಲ. ಆ ನಲವತ್ತು ದಿನ ಕಳೆದ ಮೇಲೆ ನನಗೆ ಫೋನು ಬರುತ್ತದೆ.

ಆ ದಿನಗಳ ಬೆಲೆ ಎಷ್ಟೆಂಬುದು ಹೊಸ ಸಂಗತಿಯೇನಲ್ಲ. ಕೋಪನ್‌ಹೇಗನ್ನಿನಲ್ಲಿ 804 ರೋಗಿಗಳ ನಡಿಗೆಯನ್ನು ವಾರವಾರ ಗಮನಿಸಿದ ಅಧ್ಯಯನವೊಂದು 1995ರಲ್ಲಿ ಪ್ರಕಟವಾಯಿತು. ನೂರಕ್ಕೆ 95 ಮಂದಿ ತಮ್ಮಿಂದ ಆಗಬಹುದಾದಷ್ಟು ನಡಿಗೆಯನ್ನು 11 ವಾರಗಳೊಳಗೇ ಮುಟ್ಟಿದ್ದರು. ಆಮೇಲೆ ಸುಧಾರಣೆಯೇ ಇಲ್ಲವೆಂದಲ್ಲ. ನನ್ನ ಕೈಯಲ್ಲೇ ವರ್ಷ ಕಳೆದ ಮೇಲೆ ಮೆಟ್ಟಿಲು ಹತ್ತಿದವರಿದ್ದಾರೆ. ಆದರೆ ಗದ್ದೆಗೆ ಹದ ಇರುವಾಗ ನೆಟ್ಟ ಸಸಿಯೇ ಬೇರೆ, ನೀರು ಇಳಿದ ಮೇಲೆ ನೆಟ್ಟದ್ದೇ ಬೇರೆ.

ಯಂತ್ರದ ಪರವಾಗಿರುವ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಪಾರ್ಶ್ವವಾಯು ಆದವರಿಗೆ ಥೆರಪಿಯ ಒಂದು ಸರದಿಯಲ್ಲಿ ಎಷ್ಟು ಅಭ್ಯಾಸ ಸಿಗುತ್ತದೆ ಎಂದು ಉತ್ತರ ಅಮೆರಿಕದ ಸಂಶೋಧಕರು ಪಕ್ಕದಲ್ಲೇ ಕೂತು ಎಣಿಸಿದ್ದರು. 2009ರಲ್ಲಿ ಅವರು ಪ್ರಕಟಿಸಿದ ಲೆಕ್ಕದಂತೆ ಸರದಿಗೆ ಸರಾಸರಿ 357 ಹೆಜ್ಜೆ. ಆರೋಗ್ಯವಂತ ಮನುಷ್ಯ ದಿನಕ್ಕೆ ಸಾವಿರಗಟ್ಟಲೆ ಹೆಜ್ಜೆ ಹಾಕುತ್ತಾನೆ. ಅಲ್ಲಿ ಅಷ್ಟಾದರೆ ನನ್ನ ಮಟ್ಟಿಗೆ ಅದರ ಅರ್ಧ ಆದರೂ ದೊಡ್ಡದು: ಎಂಬತ್ತು ಕಿಲೋ ತೂಕದ ಮನುಷ್ಯನ ಸೊಂಟಕ್ಕೆ ಪಂಚೆ ಬಿಗಿದು, ಒಂದು ಕೈಯಲ್ಲಿ ಅದನ್ನು ಹಿಡಿದು, ಇನ್ನೊಂದರಲ್ಲಿ ಮೊಣಕಾಲು ಮಡಚದಂತೆ ತಡೆದು ನಡೆಸುವಾಗ ಐವತ್ತು ಹೆಜ್ಜೆಗೆ ನನ್ನ ಸೊಂಟವೇ ಹಿಡಿಯುತ್ತದೆ.

ಆಸ್ಪತ್ರೆಗಳ ದೊಡ್ಡ ಯಂತ್ರ ಈ ಕಷ್ಟವನ್ನು ತಪ್ಪಿಸುತ್ತದೆ. ಸ್ವಿಟ್ಜರ್‌ಲೆಂಡಿನ ಲೋಕೋಮ್ಯಾಟ್‌ನಂಥ ಯಂತ್ರದಲ್ಲಿ ರೋಗಿಯನ್ನು ಪಟ್ಟಿಗಳಿಂದ ಮೇಲಕ್ಕೆ ತೂಗಿ ಹಿಡಿಯುತ್ತಾರೆ, ಕೆಳಗೆ ಟ್ರೆಡ್‌ಮಿಲ್ ಓಡುತ್ತದೆ, ಎರಡೂ ಕಾಲಿಗೆ ಕಟ್ಟಿದ ಮೋಟಾರು ತೋಳುಗಳು ಸೊಂಟ, ಮಂಡಿಗಳನ್ನು ಹೆಜ್ಜೆಯ ಹದಕ್ಕೆ ಆಡಿಸುತ್ತವೆ. ಅರ್ಧ ತಾಸಿನಲ್ಲಿ ಸಾವಿರದ ಸುತ್ತುಮುತ್ತ ಹೆಜ್ಜೆ. ಬೇಸರವಿಲ್ಲ, ಸೊಂಟನೋವಿಲ್ಲ. ಇಂಥ ಯಂತ್ರಗಳ ಕುರಿತು ನಡೆದ 62 ಪ್ರಯೋಗಗಳನ್ನು, ಒಟ್ಟು 2,440 ರೋಗಿಗಳ ಫಲಿತಾಂಶವನ್ನು ಕಾಕ್ರೇನ್ ಸಂಸ್ಥೆಯ 2020ರ ಪರಾಮರ್ಶೆ ಒಟ್ಟಿಗಿಟ್ಟು ನೋಡಿದೆ. ಫಿಸಿಯೋಥೆರಪಿಯ ಜೊತೆಗೆ ಯಂತ್ರವನ್ನೂ ಬಳಸಿದಾಗ, ಎಂಟು ಮಂದಿಗೆ ಒಬ್ಬರಂತೆ ಹೆಚ್ಚುವರಿಯಾಗಿ ಆಸರೆಯಿಲ್ಲದೆ ನಡೆಯುವಂತಾಗುತ್ತಾರೆ. ಎಂಟರಲ್ಲಿ ಒಬ್ಬರು ಎಂದರೆ ಸಣ್ಣದಲ್ಲ. ನನ್ನ ಡೈರಿಯಲ್ಲಿ ಈಗ ಹನ್ನೊಂದು ಮನೆಗಳಿವೆ.

ಆದರೆ ಆ ವರದಿಯ ಎರಡು ಮಾತುಗಳನ್ನು ಯಂತ್ರದ ಜಾಹೀರಾತು ಹೇಳುವುದಿಲ್ಲ. ಒಂದು, 'ಜೊತೆಗೆ' ಎಂಬ ಶಬ್ದ. ಫಿಸಿಯೋ ಬದಲಿಗೆ ಯಂತ್ರ ಎಂದು ಅದರಲ್ಲಿಲ್ಲ. ಎರಡು, ಹೆಚ್ಚು ಲಾಭ ಆಗುವುದು ಮೊದಲ ಮೂರು ತಿಂಗಳಲ್ಲಿ, ಇನ್ನೂ ನಡೆಯಲೇ ಬಾರದವರಿಗೆ. ಆಗಲೇ ತಡವರಿಸುತ್ತಾ ನಡೆಯುವವರಿಗೆ ಯಂತ್ರಕ್ಕಿಂತ ಫಿಸಿಯೋ ಕೈಯೇ ಮೇಲೆಂದು 2008, 2009ರ ಎರಡು ಅಮೆರಿಕನ್ ಪ್ರಯೋಗಗಳು ತೋರಿಸಿದವು. ಕಾರಣ ಹಳ್ಳಿಯ ಅಜ್ಜಿಗೂ ಅರ್ಥವಾಗುವಂಥದ್ದು. ಎತ್ತಿಕೊಂಡೇ ತಿರುಗಿದರೆ ಮಗು ಯಾವಾಗ ನಡೆದೀತು? ಯಂತ್ರ ತಾನೇ ಕಾಲನ್ನು ಎತ್ತಿ ಇಟ್ಟರೆ ಮೆದುಳು ಕೈಕಟ್ಟಿ ಕೂರುತ್ತದೆ. ತಪ್ಪಿದಾಗ ತಿದ್ದಬೇಕು, ಬೀಳುವಷ್ಟರಲ್ಲಿ ಹಿಡಿಯಬೇಕು, ಉಳಿದ ಹೊತ್ತು ಬಿಟ್ಟುಕೊಡಬೇಕು. ಈ ಬಿಟ್ಟುಕೊಡುವುದೇ ನಮ್ಮ ವಿದ್ಯೆಯ ಅರ್ಧ.

ಎರಡು ತಿಂಗಳಿಗೆ ದುಬೈನಿಂದ ಪೆಟ್ಟಿಗೆ ಬಂತು. ಯಾರೋ ರಜೆಗೆ ಬರುವವರ ಕೈಯಲ್ಲಿ ಕಳಿಸಿದ್ದ. ಇದು ದೊಡ್ಡ ಯಂತ್ರವಲ್ಲ. ಪಾದಕ್ಕೆ, ಮೀನಖಂಡಕ್ಕೆ ಬಿಗಿಯುವ ಗಡಸು ಬೂಟು, ಒಂದು ಪರದೆ, ಒಂದು ಪಂಪು. ಪಾರ್ಶ್ವವಾಯುವಿನಲ್ಲಿ ಪಾದದ ತುದಿ ಜೋತುಬೀಳುತ್ತದೆ. ಹೆಜ್ಜೆ ಎತ್ತಿದರೂ ಬೆರಳು ನೆಲ ಉಜ್ಜುತ್ತದೆ. ಅದನ್ನು ತಪ್ಪಿಸಲು ರೋಗಿ ಇಡೀ ಕಾಲನ್ನು ಹುಲ್ಲು ಕೊಯ್ಯುವ ಕತ್ತಿಯ ಹಾಗೆ ಹೊರಗಿನಿಂದ ಸುತ್ತಿಸಿ ತರುತ್ತಾನೆ. ಈ ಬೂಟು ಪಾದವನ್ನು ಮೇಲೆತ್ತುವ ಪಾಠ ಹೇಳಿಕೊಡುತ್ತದೆ. ಪರದೆಯಲ್ಲಿ ಆಟ. ಬೆರಳು ಎತ್ತಿದರೆ ಚೆಂಡು ಹಾರುತ್ತದೆ. ಅರ್ಧ ಎತ್ತಿ ನಿಂತರೆ ಉಳಿದರ್ಧವನ್ನು ಗಾಳಿ ತುಂಬಿದ ಸ್ನಾಯು ಪೂರೈಸುತ್ತದೆ.

ಮೊದಲ ದಿನ ಪ್ಲಗ್ಗೇ ಹೊಂದಲಿಲ್ಲ, ದುಬೈನ ಮೂರು ಚಪ್ಪಟೆ ಹಲ್ಲಿನದು. ಬಜಾರಿನಿಂದ ಅಡಾಪ್ಟರ್ ತಂದದ್ದಾಯಿತು. ಯಂತ್ರ ಮಾತಾಡುವುದು ಇಂಗ್ಲಿಷಿನಲ್ಲಿ. ಸಾಹೇಬರದು ನವಾಯತಿ, ಅದು ಬಿಟ್ಟರೆ ಉರ್ದು, ನನ್ನ ಜೊತೆ ಕನ್ನಡ. ಏಳನೇ ತರಗತಿಯ ಮೊಮ್ಮಗ ದುಭಾಷಿಯಾದ. ಎರಡನೇ ವಾರಕ್ಕೆ ಆಟ ಹತ್ತಿತು. "ನಿನ್ನೆ ರಾತ್ರಿ ನಿದ್ದೆ ಬರ್ಲಿಲ್ಲ. ಇನ್ನೂರು ಸಲ ಎತ್ತಿದೆ. ಈ ಪೋರನ ರೆಕಾರ್ಡು ಮುರಿದೆ" ಎಂದು ಸಾಹೇಬರು ಹೇಳಿದಾಗ ನಾನು ಯಂತ್ರಕ್ಕೆ ಮನಸ್ಸಿನಲ್ಲೇ ಕೈಮುಗಿದೆ. ರಾತ್ರಿ ಎರಡು ಗಂಟೆಗೆ ಯಾವ ಫಿಸಿಯೋ ಇರುತ್ತಾಳೆ?

ಮೂರನೇ ವಾರ ಬೂಟು ಬಿಚ್ಚಿ ನೋಡಿದರೆ ಹಿಮ್ಮಡಿಯ ಮೇಲೆ ಪಟ್ಟಿ ಉಜ್ಜಿ ಗಾಯ, ಎಂಟಾಣೆ ಅಗಲ. ಅವರಿಗೆ ಗೊತ್ತೇ ಆಗಿರಲಿಲ್ಲ. ಲಕ್ವ ಶಕ್ತಿಯನ್ನಷ್ಟೇ ಅಲ್ಲ, ಎಷ್ಟೋ ಸಲ ಸ್ಪರ್ಶವನ್ನೂ ಒಯ್ಯುತ್ತದೆ. ಸಾಹೇಬರಿಗೆ ಸಕ್ಕರೆ ಕಾಯಿಲೆ ಬೇರೆ. ಹದಿನೈದು ದಿನ ಬೂಟು ಮೂಲೆಗೆ. ಸಿಟ್ಟು ಬಂದದ್ದು ಯಂತ್ರದ ಮೇಲಲ್ಲ, ನನ್ನ ಮೇಲೆ. ಪ್ರತಿ ಸಲ ಬಿಚ್ಚಿದ ಮೇಲೆ ಚರ್ಮ ನೋಡಬೇಕೆಂದು ಸೊಸೆಗೆ ನಾನು ಹೇಳಿಕೊಟ್ಟಿರಲಿಲ್ಲ. ಎಣಿಕೆ ನೋಡಲು ಪರದೆ ಇತ್ತು. ಹಿಮ್ಮಡಿ ನೋಡಲು ಮನುಷ್ಯರು ಬೇಕಿತ್ತು.

ಇನ್ನೊಂದು ಮನೆಗೆ ಬನ್ನಿ. ಕುಮಟಾದಿಂದ ಶಿರಸಿ ರಸ್ತೆಯಲ್ಲಿ ಕತಗಾಲ ದಾಟಿ, ಎಡಕ್ಕೆ ತೋಟದೊಳಗೆ ಇಳಿಯಬೇಕು. ಅಡಿಕೆ ತೋಟದ ಅಂಚಿಗೆ ಮನೆ. ಅಂಗಳದಿಂದ ಜಗಲಿಗೆ ಮೂರು ಮೆಟ್ಟಿಲು, ಕೆಂಪುಕಲ್ಲಿನವು, ಮಳೆಗಾಲದಲ್ಲಿ ಪಾಚಿ. ಜಗಲಿಯಿಂದ ಒಳಕ್ಕೆ ಒಂದು ಗೇಣು ಎತ್ತರದ ಹೊಸ್ತಿಲು. ಬಚ್ಚಲು ಹಿತ್ತಲಲ್ಲಿ. ಹೆಗಡೆಯವರಿಗೆ ಎಡಭಾಗ ಬಿದ್ದಿತ್ತು. ಕರೆಂಟು ಹೋದರೆ ಎರಡು ದಿನ ಬರದ ಜಾಗ. ಇಲ್ಲಿ ಯಾವ ಪಂಪು, ಯಾವ ಪರದೆ?

ಅವರ ಮಗನಿಗೆ ಎರಡು ಅಡಿಕೆ ದಬ್ಬೆ ಕೇಳಿದೆ. ಅಂಗಳದಲ್ಲಿ ಸಾಲಾಗಿ ಗೂಟ ನೆಟ್ಟು, ಸೊಂಟದೆತ್ತರಕ್ಕೆ ದಬ್ಬೆ ಕಟ್ಟಿ, ನಡುವೆ ಒಬ್ಬರು ನಡೆಯುವಷ್ಟು ಜಾಗ ಬಿಟ್ಟ. ಆಸ್ಪತ್ರೆಯಲ್ಲಿ ಇದಕ್ಕೆ ಪ್ಯಾರಲಲ್ ಬಾರ್ ಎನ್ನುತ್ತೇವೆ. ಹೆಗಡೆಯವರು ಜಗಲಿಯಿಂದ ನೋಡಿ, "ಎಂತ ತಂಗಿ, ಅಂಗಳದಲ್ಲೂ ಸಂಕ ಹಾಕಿದ್ಯಾ?" ಎಂದರು. ಅವತ್ತಿನಿಂದ ಅದು ಸಂಕವೇ. ಹಳ್ಳ ದಾಟಲು ಮರ ಉರುಳಿಸಿ, ಪಕ್ಕಕ್ಕೊಂದು ಹಿಡಿಕೆ ಕಟ್ಟಿದ ಕಾಲುಸಂಕದ ಮೇಲೆ ಅರವತ್ತು ಮಳೆಗಾಲ ನಡೆದ ಮನುಷ್ಯ ಅವರು. ಸಂಕ ಎಂದ ಕೂಡಲೇ ಅವರ ಮೈಗೆ ನೆನಪಾಯಿತು: ಕಣ್ಣು ಮುಂದೆ, ಭಾರ ನಡುವೆ, ಹೆಜ್ಜೆ ಅವಸರ ಮಾಡಬಾರದು.

ಹೆಗಡೆಯವರಿಗೆ ಯಕ್ಷಗಾನದ ಹುಚ್ಚು. ಅವರ ಎಡಹೆಜ್ಜೆ ಸದಾ ತಡವಾಗಿ ಬೀಳುತ್ತಿತ್ತು. ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿ ಏಕತಾಳ ಹಾಕಿಸಿದೆ. ತಾಳ ಬಿದ್ದ ಕಡೆ ಎಡಗಾಲು ಬರಬೇಕು. ಬಂತು. ಇದು ನನ್ನ ಜಾಣತನವೇನಲ್ಲ. ಏಕಸಮನಾದ ತಾಳ ಕೇಳಿಸಿ ನಡಿಗೆ ತಿದ್ದುವ ವಿಧಾನವನ್ನು 1990ರ ದಶಕದಿಂದಲೇ ಪರೀಕ್ಷಿಸಿ ಬಳಸುತ್ತಿದ್ದಾರೆ. ಊರು ಕೊಟ್ಟದ್ದು ತಾಳವನ್ನು ಮಾತ್ರ. ಆರನೇ ವಾರಕ್ಕೆ ಹೆಗಡೆಯವರು ಸಂಕದ ಹೊರಗೆ ನಾಲ್ಕು ಕಾಲಿನ ಕೋಲಿನಲ್ಲಿ ನಡೆದರು. ಹೊಸ್ತಿಲು ದಾಟಲು ಇನ್ನೂ ಒಂದು ತಿಂಗಳು ಹಿಡಿಯಿತು. ಯಂತ್ರದ ಟ್ರೆಡ್‌ಮಿಲ್ಲಿಗೆ ಹೊಸ್ತಿಲು ಇರುವುದಿಲ್ಲ. ನಮ್ಮ ಮನೆಗಳಲ್ಲಿ ನಡಿಗೆ ಎಂದರೇ ಹೊಸ್ತಿಲು.

ಇಲ್ಲಿಗೆ ನಿಲ್ಲಿಸಿದರೆ ದಬ್ಬೆಯ ಮುಂದೆ ಯಂತ್ರ ಸೋತಿತು ಎಂಬ ಚೆಂದದ ಕತೆಯಾಗುತ್ತದೆ. ಮೂರನೆಯ ಮನೆ ಹಾಗಾಗಲು ಬಿಡುವುದಿಲ್ಲ.

ಕಾಸರಕೋಡು ಟೊಂಕ. ಶರಾವತಿ ಸಮುದ್ರ ಸೇರುವ ಅಳಿವೆಯ ದಂಡೆ. ಮನೆಯ ಯಜಮಾನ ಬೋಟಿನ ತಾಂಡೇಲನಾಗಿದ್ದವನು, ಐವತ್ತೆರಡು ವರ್ಷ. ಮೀನುಗಾರಿಕೆ ನಿಷೇಧದ ಜೂನ್ ತಿಂಗಳಲ್ಲಿ, ಬಲೆ ಹೊಲಿಯುತ್ತಾ ಕೂತಲ್ಲೇ ವಾಲಿದ. ದೊಡ್ಡಾಸ್ಪತ್ರೆಯಿಂದ ಒಂಬತ್ತನೇ ದಿನಕ್ಕೆ ಮನೆಗೆ ಕಳಿಸಿದರು. ಡಿಸ್ಚಾರ್ಜ್ ಚೀಟಿಯ ಕೊನೆಯಲ್ಲಿ ಒಂದು ಸಾಲು, ಫಿಸಿಯೋಥೆರಪಿ ಮುಂದುವರಿಸಿ. ಎಲ್ಲಿ, ಯಾರು, ಎಷ್ಟು ದಿನ ಎಂದು ಇರಲಿಲ್ಲ. ಹೆಂಡತಿಗೆ ವಾರ್ಡಿನಲ್ಲಿ ಹತ್ತು ನಿಮಿಷ ವ್ಯಾಯಾಮ ತೋರಿಸಿದ್ದರಂತೆ. ಅವಳು ಬೆಳಗ್ಗೆ ಐದಕ್ಕೆ ಎದ್ದು ಒಣಮೀನಿನ ಬುಟ್ಟಿ ಹೊತ್ತು ಹೋದರೆ ಬರುವುದು ಮಧ್ಯಾಹ್ನ ಎರಡಕ್ಕೆ. ಗಂಡನ ದುಡಿಮೆ ನಿಂತ ಮೇಲೆ ಬುಟ್ಟಿ ಇನ್ನೂ ಭಾರ. "ಅಕ್ಕಾ, ವ್ಯಾಯಾಮ ಮಾಡಿಸುದಾ, ಗಂಜಿಗೆ ದಾರಿ ನೋಡುದಾ?" ಎಂದಳು. ನಾನು ಹೋಗುವ ಹೊತ್ತಿಗೆ ನಾಲ್ಕು ತಿಂಗಳಾಗಿತ್ತು. ಕಾಲು ಕಟ್ಟಿಗೆಯಾಗಿತ್ತು.

ಮನೆಯವರಿಗೆ ಕಲಿಸಿಕೊಟ್ಟರೆ ಸಾಕಲ್ಲ ಎಂದು ಹೇಳುವವರು ಬಹಳ. ನಾನೂ ನಂಬಿದ್ದೆ. ನಮ್ಮ ದೇಶದಲ್ಲೇ ಇದನ್ನು ಒರೆಗೆ ಹಚ್ಚಿ ನೋಡಿದ್ದಾರೆ. ಅಟೆಂಡ್ ಎಂಬ ಹೆಸರಿನ ಆ ಪ್ರಯೋಗದಲ್ಲಿ ಭಾರತದ 14 ಆಸ್ಪತ್ರೆಗಳ 1,250 ರೋಗಿಗಳಿದ್ದರು. ಅರ್ಧದಷ್ಟು ಮಂದಿಯ ಮನೆಯವರಿಗೆ ಆರೈಕೆ, ವ್ಯಾಯಾಮಗಳನ್ನು ವ್ಯವಸ್ಥಿತವಾಗಿ ಕಲಿಸಲಾಯಿತು. ಉಳಿದರ್ಧಕ್ಕೆ ಎಂದಿನ ಚಿಕಿತ್ಸೆ. 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಬಂತು: ಆರು ತಿಂಗಳಾದಾಗ ಎರಡೂ ಗುಂಪುಗಳಲ್ಲಿ ನೂರಕ್ಕೆ 47 ಮಂದಿ ತೀರಿಕೊಂಡಿದ್ದರು ಅಥವಾ ಪರಾವಲಂಬಿಗಳಾಗಿಯೇ ಉಳಿದಿದ್ದರು. ಕಲಿಸಿದ್ದರಿಂದ ವ್ಯತ್ಯಾಸ ಕಾಣಲಿಲ್ಲ. ಆ ಸಂಖ್ಯೆ ಓದಿದಾಗ ನನಗೆ ಕಂಡದ್ದು ಕಾಸರಕೋಡಿನ ಒಣಮೀನಿನ ಬುಟ್ಟಿ. ಪ್ರೀತಿ ಕಡಿಮೆಯಿತ್ತೇ? ಇಲ್ಲ. ಹೊತ್ತಿರಲಿಲ್ಲ, ತೋಳಿನಲ್ಲಿ ಬಲವಿರಲಿಲ್ಲ, ಬೀಳಿಸಿದರೆ ಎಂಬ ಹೆದರಿಕೆ ಬಿಡಲಿಲ್ಲ.

ಇದರ ಪಕ್ಕದಲ್ಲಿ ಇನ್ನೊಂದು ಪ್ರಯೋಗವನ್ನು ಇಟ್ಟು ನೋಡಬೇಕು. ಅಮೆರಿಕದಲ್ಲಿ 408 ರೋಗಿಗಳ ಮೇಲೆ ನಡೆದದ್ದು, 2011ರಲ್ಲಿ ಪ್ರಕಟವಾದದ್ದು. ಕೆಲವರಿಗೆ ಆಸ್ಪತ್ರೆಯಲ್ಲಿ ದೇಹ ತೂಗಿಸಿ ಟ್ರೆಡ್‌ಮಿಲ್ ಮೇಲೆ ನಡಿಗೆ. ಕೆಲವರಿಗೆ ಮನೆಗೇ ಫಿಸಿಯೋ ಹೋಗಿ ಮಾಡಿಸುವ ಬಲದ, ಸಮತೋಲನದ ವ್ಯಾಯಾಮ. ವರ್ಷದ ಕೊನೆಗೆ ಒಟ್ಟಾರೆ ನೂರಕ್ಕೆ 52 ಮಂದಿಯ ನಡಿಗೆ ಒಂದು ಹಂತ ಮೇಲೇರಿತ್ತು. ಟ್ರೆಡ್‌ಮಿಲ್ ಗುಂಪಿಗೂ ಮನೆ ಗುಂಪಿಗೂ ಗಣನೀಯ ವ್ಯತ್ಯಾಸ ಇರಲಿಲ್ಲ.

ಎರಡನ್ನೂ ಕೂಡಿಸಿ ಓದಿದರೆ ನನ್ನ ಹದಿನೇಳು ವರ್ಷದ ಅನುಭವ ಒಂದು ಸಾಲಿಗೆ ಇಳಿಯುತ್ತದೆ: ನಡಿಗೆ ಕಲಿಯಲು ಮನೆ ಸಾಕು, ಮನೆಯವರಷ್ಟೇ ಸಾಲರು. ಕಲಿತವರೊಬ್ಬರು ಮನೆಗೆ ಬರಬೇಕು. ಅವರ ಕೈಯಲ್ಲಿ ಯಂತ್ರವಿದ್ದರೆ ಇನ್ನೂ ಒಳ್ಳೆಯದು.

ನಮ್ಮ ಜಿಲ್ಲೆಗೆ ಈ ಮಾತು ಯಾಕೆ ಹೆಚ್ಚು ತಾಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರು ಶಿರೂರಿನ ಟೋಲ್ ಗೇಟಿಗೆ ಅಪ್ಪಳಿಸಿ ನಾಲ್ವರು ತೀರಿಕೊಂಡರು. ಆ ವಿಡಿಯೋ ನೋಡದವರಿಲ್ಲ. ಆಗ ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂಬ ಕೂಗು ಊರೂರಿನಲ್ಲಿ ಎದ್ದಿತು. ನಾನೂ ದನಿಗೂಡಿಸಿದ್ದೇನೆ, ಇವತ್ತಿಗೂ ದನಿಗೂಡಿಸುತ್ತೇನೆ. ಮೆದುಳಿನ ನಾಳದ ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು. ಕುಮಟಾದಿಂದ ಮಣಿಪಾಲಕ್ಕೆ ಸುಮಾರು 150 ಕಿಲೋಮೀಟರು. ಉತ್ತರಕ್ಕೆ ಕಾರವಾರವಿದೆ ಎನ್ನುವಂತೆಯೂ ಇಲ್ಲ: 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಜಾರಿದಾಗ ಹೆದ್ದಾರಿ ಎಷ್ಟು ದಿನ ಮುಚ್ಚಿತ್ತೆಂದು ನೆನಪಿದೆಯಲ್ಲ.

ಆದರೆ ನಮ್ಮ ಕೂಗೆಲ್ಲ ಆ ನಾಲ್ಕೂವರೆ ಗಂಟೆಯ ಕುರಿತೇ ಆಯಿತು. ಅದಾದ ಮೇಲಿನ 11 ವಾರಗಳ ಕುರಿತು ಯಾವ ಮನವಿ ಪತ್ರದಲ್ಲೂ ನಾನು ಒಂದು ಸಾಲು ಕಂಡಿಲ್ಲ. ನಾಳೆ ಕುಮಟಾದಲ್ಲೇ ದೊಡ್ಡ ಆಸ್ಪತ್ರೆ ಎದ್ದರೂ ತಾಂಡೇಲನನ್ನು ಒಂಬತ್ತನೇ ದಿನ ಮನೆಗೆ ಕಳಿಸಲೇಬೇಕು, ಹಾಸಿಗೆ ಬೇರೆಯವರಿಗೆ ಬೇಕು. ಜೀವ ಉಳಿಸುವುದು ಆಸ್ಪತ್ರೆ. ಕಾಲು ಉಳಿಸುವ ಕೆಲಸ ಆಸ್ಪತ್ರೆಯ ಗೇಟು ದಾಟಿದ ಮೇಲೆ ಶುರು. ಅಲ್ಲಿಂದಾಚೆ ಆಯುಷ್ಮಾನ್ ಕಾರ್ಡಿನ ಬಲವೂ ಇಲ್ಲ, ಅದು ನೋಡಿಕೊಳ್ಳುವುದು ಒಳರೋಗಿಯನ್ನು. ಮನೆಯಲ್ಲಿ ಕೊಡುವ ಥೆರಪಿಯ ಒಂದೊಂದು ತಾಸೂ ಜೇಬಿನಿಂದಲೇ. ಹಾಗಾಗಿ ಭಟ್ಕಳದ ಸಾಹೇಬರಿಗೆ ವಾರಕ್ಕೆರಡು ದಿನ, ತಾಂಡೇಲನಿಗೆ ನಾನು ಬಿಡುವಾದಾಗ.

ಪಕ್ಕದ ರಾಜ್ಯವನ್ನು ನೋಡಿ. ತಮಿಳುನಾಡು 2021ರ ಆಗಸ್ಟ್‌ನಲ್ಲಿ ನಮ್ಮ ಗಡಿಗೆ ತಾಗಿದ ಕೃಷ್ಣಗಿರಿ ಜಿಲ್ಲೆಯಲ್ಲಿ 'ಮಕ್ಕಳೈ ತೇಡಿ ಮರುತ್ತುವಂ' ಎಂಬ ಯೋಜನೆ ಶುರುಮಾಡಿತು. ಜನರನ್ನು ಹುಡುಕಿಕೊಂಡು ಹೋಗುವ ಚಿಕಿತ್ಸೆ ಎಂದು ಹೆಸರಿನ ಅರ್ಥ. ಬಿಪಿ, ಸಕ್ಕರೆ ಮಾತ್ರೆಗಳ ಜೊತೆ ಮನೆಬಾಗಿಲಿಗೆ ಫಿಸಿಯೋಥೆರಪಿಯೂ ಅದರಲ್ಲಿದೆ. ನಮ್ಮಲ್ಲಿ 2024ರಲ್ಲಿ ಬಂದ ಗೃಹ ಆರೋಗ್ಯ ಯೋಜನೆ ಬಿಪಿ, ಸಕ್ಕರೆಯನ್ನು ಮನೆಗೇ ಹೋಗಿ ಪತ್ತೆ ಹಚ್ಚುತ್ತದೆ. ಲಕ್ವದ ಬೇರು ಅಲ್ಲೇ ಇರುವುದರಿಂದ ಅದು ಒಳ್ಳೆಯ ಕೆಲಸ. ಆದರೆ ಅಷ್ಟು ಮಾಡಿಯೂ ಲಕ್ವ ಹೊಡೆದವನ ಬಾಗಿಲನ್ನು ಅದೇ ತಂಡದೊಂದಿಗೆ ಒಬ್ಬ ಫಿಸಿಯೋ ಯಾಕೆ ತಟ್ಟಬಾರದು?

ಇದು ನಮಗೆ ಹೊಸದೂ ಅಲ್ಲ. ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಪಾಪ ಕರಾವಳಿಯ ಮೂರೂ ಜಿಲ್ಲೆಗಳನ್ನು ಇನ್ನೂ ಕಾಡುತ್ತಿದೆ. ಆ ಸಂತ್ರಸ್ತರಿಗಾಗಿ ಫಿಸಿಯೋಥೆರಪಿಯನ್ನು ವಾಹನದಲ್ಲಿ ಮನೆಬಾಗಿಲಿಗೆ ಒಯ್ಯುವ ವ್ಯವಸ್ಥೆಯನ್ನು ಇದೇ ಸರ್ಕಾರ, ಇದೇ ಕರಾವಳಿಯಲ್ಲಿ ಮಾಡಿದೆ. ಸಾಲದೆಂಬ ದೂರು ಇರಬಹುದು, ಆಗದ ಮಾತೆಂದು ಯಾರೂ ಹೇಳುವಂತಿಲ್ಲ. ಗ್ರಾಮ ಪಂಚಾಯಿತಿಗಳಲ್ಲಿ ಅಂಗವಿಕಲರಿಗಾಗಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಯಾವ ಮನೆಯಲ್ಲಿ ಯಾರು ಮಂಚ ಹಿಡಿದಿದ್ದಾರೆಂದು ಅವರಿಗೂ ಆಶಾ ಕಾರ್ಯಕರ್ತೆಯರಿಗೂ ಗೊತ್ತಿರುವಷ್ಟು ನನಗೂ ಗೊತ್ತಿಲ್ಲ. ಕೊಂಡಿ ಹಾಕುವ ಕೆಲಸವಷ್ಟೇ ಬಾಕಿ.

ನನ್ನ ಬೇಡಿಕೆ ಉದ್ದವಿಲ್ಲ. ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕು ಆಸ್ಪತ್ರೆಗಳಿಗೆ ತಲಾ ಇಬ್ಬರು ಫಿಸಿಯೋಗಳು: ಒಬ್ಬರು ಆಸ್ಪತ್ರೆಗೆ, ಒಬ್ಬರು ಊರಿಗೆ. ಊರಿನವರಿಗೊಂದು ವಾಹನ. ಮಣಿಪಾಲ, ಮಂಗಳೂರು, ಕಾರವಾರ, ಎಲ್ಲಿಂದಲೇ ಬಿಡುಗಡೆಯಾಗಲಿ, ಲಕ್ವದ ರೋಗಿಯ ಹೆಸರು ಮೂರು ದಿನದೊಳಗೆ ಆ ಫಿಸಿಯೋಗೆ ತಲುಪಬೇಕು. ಮೊದಲ 11 ವಾರ, ವಾರಕ್ಕೆ ಮೂರು ಸಲ ಮನೆಭೇಟಿ.

ಆಮೇಲೆ ಯಂತ್ರ. ಹೌದು, ಯಂತ್ರ ನನಗೂ ಬೇಕು. ಕೋಟಿಗಳ ಲೆಕ್ಕದ ದೊಡ್ಡ ಯಂತ್ರ ಬೆಂಗಳೂರಿನಲ್ಲೇ ಇರಬೇಕೆಂಬ ಶಾಸ್ತ್ರವೇನೂ ಇಲ್ಲ. ಮ್ಯಾನ್‌ಹೋಲಿಗೆ ಮನುಷ್ಯ ಇಳಿಯುವುದನ್ನು ತಪ್ಪಿಸಲು ಬ್ಯಾಂಡಿಕೂಟ್ ರೋಬೋಟ್ ಮಾಡಿದ ತಿರುವನಂತಪುರದ ಜೆನ್‌ರೊಬೊಟಿಕ್ಸ್‌ನ ಹುಡುಗರೇ ನಡಿಗೆ ಕಲಿಸುವ ಜಿ-ಗೈಟರ್ ಯಂತ್ರವನ್ನೂ ಮಾಡಿದರು. ಕೇರಳ ಸರ್ಕಾರ ಅದನ್ನು ತನ್ನ ಸಾರ್ವಜನಿಕ ಆಸ್ಪತ್ರೆಗೆ ತಂದಿದೆ. ಮೂರು ತಾಲ್ಲೂಕುಗಳ ನಡುವೆ ಇರುವ ಹೊನ್ನಾವರದಲ್ಲಿ ಅಂಥದ್ದೊಂದು ಇರಲಿ, ಇನ್ನೂ ಎದ್ದು ನಿಲ್ಲಲಾಗದ ಹೊಸ ರೋಗಿಗಳಿಗೆ. ಅದರ ಜೊತೆಗೆ ಬೂಟಿನಂಥ ಸಣ್ಣ ಯಂತ್ರಗಳು ಹತ್ತು ಹನ್ನೆರಡು ಇರಲಿ, ಮನೆಗಳಿಗೆ. ಗ್ರಂಥಾಲಯದ ಪುಸ್ತಕದ ಹಾಗೆ: ಎರಡು ತಿಂಗಳಿಗೆ ಎರವಲು, ಆಮೇಲೆ ವಾಪಸು. ಒಂದು ಪಾದಕ್ಕೆ ಜೀವಮಾನವಿಡೀ ಬೂಟು ಬೇಡ, ಕಲಿಯುವಷ್ಟು ದಿನ ಸಾಕು. ಕಲಿತ ಮೇಲೆ ಅದು ಅಟ್ಟದ ಸಾಮಾನು.

ಅಷ್ಟು ದುಡ್ಡೆಲ್ಲಿದೆ ಎಂದು ಕೇಳಬಹುದು. ಐವತ್ತೆರಡರ ತಾಂಡೇಲ ಇನ್ನು ಇಪ್ಪತ್ತು ವರ್ಷ ಮಂಚದಲ್ಲೇ ಇದ್ದರೆ ಅವನ ದುಡಿಮೆ, ಹೆಂಡತಿಯ ಸೊಂಟ, ಎಸ್ಸೆಸ್ಸೆಲ್ಸಿಗೇ ಓದು ಬಿಟ್ಟು ಬೋಟಿಗೆ ಹೋದ ಮಗ, ಇವೆಲ್ಲದರ ಲೆಕ್ಕ ಯಾರು ಇಟ್ಟಿದ್ದಾರೆ? ಖರ್ಚು ಈಗಲೂ ಆಗುತ್ತಿದೆ, ಸರ್ಕಾರದ ಪುಸ್ತಕದಲ್ಲಿ ಬರೆಯುತ್ತಿಲ್ಲ ಅಷ್ಟೆ.

ಕಳೆದ ರಂಜಾನಿಗೆ ದುಬೈನ ಮಗ ಊರಿಗೆ ಬಂದಿದ್ದ. ಸಾಹೇಬರು ಕೋಲು ಹಿಡಿದು ಗೇಟಿನವರೆಗೆ ನಡೆದು ಹೋಗಿ ಅವನನ್ನು ಕರೆತಂದರು. ಬೆರಳು ನೆಲಕ್ಕೆ ಉಜ್ಜಲಿಲ್ಲ. "ರೋಬೋಟ್ ಕೆಲಸ ಮಾಡ್ತು ಅಲ್ವಾ ಮೇಡಂ?" ಎಂದ. "ಮಾಡ್ತು. ನಿನ್ನ ಮಗ ಮಾಡಿದ, ನಿನ್ನ ಹೆಂಡತಿ ಮಾಡಿದ್ಲು, ನಾನೂ ಸ್ವಲ್ಪ ಮಾಡಿದೆ" ಎಂದೆ. ಬೂಟು ಕಪಾಟಿನ ಮೇಲಿತ್ತು, ಧೂಳು ಕೂತಿತ್ತು. ನಾನು ಕೇಳುವ ಮೊದಲೇ ಸಾಹೇಬರು ಕೋಲಿನಿಂದ ಅದನ್ನು ತೋರಿಸಿದರು: "ಅದನ್ನು ಯಾರಿಗಾದ್ರೂ ಕೊಡಿ. ಇಲ್ಲಿ ಇಟ್ಟು ಎಂತ ಮಾಡುದು?"

ಈಗ ಬೂಟು ಕಾಸರಕೋಡಿನಲ್ಲಿದೆ. ತಾಂಡೇಲನ ಹೆಂಡತಿ ತನ್ನ ಹಳೆಯ ಸೀರೆಯ ಮೆತ್ತನೆ ತುಂಡನ್ನು ಪಟ್ಟಿಯ ಒಳಗೆ ಹೊಲಿದಿದ್ದಾಳೆ. ಮಧ್ಯಾಹ್ನ ಬುಟ್ಟಿ ಇಳಿಸಿದ ಮೇಲೆ ಮೊದಲು ಬೂಟು ಬಿಚ್ಚಿ ಹಿಮ್ಮಡಿ ನೋಡುತ್ತಾಳೆ, ಆಮೇಲೆ ಊಟ. ತಡವಾಗಿ ಶುರುವಾದ ಕಾಲು, ಅವಸರ ಮಾಡುತ್ತಿಲ್ಲ. ನಿನ್ನೆ ಪರದೆಯ ಚೆಂಡು ಮೂವತ್ತು ಸಲ ಹಾರಿತು. ಅವನು ನಡೆಯುತ್ತಾನೋ ಎಂದು ಅವಳು ಕೇಳಿದರೆ ನನ್ನ ಹತ್ತಿರ ಇವತ್ತಿಗೂ ನೇರ ಉತ್ತರವಿಲ್ಲ. ನಾಲ್ಕು ತಿಂಗಳು ಮೊದಲೇ ನಾನು ಆ ಬಾಗಿಲಿಗೆ ಹೋಗಿದ್ದರೆ ಇರುತ್ತಿತ್ತು.

ಮುಂದಿನ ತಿಂಗಳು ಬೂಟು ಕುಮಟಾ ಕಡೆಯ ಒಂದು ಮನೆಗೆ ಹೋಗಬೇಕು. ಸ್ಕೂಟರಿನ ಮುಂದೆ, ನನ್ನ ಕಾಲಿನ ನಡುವೆ, ಪ್ಲಾಸ್ಟಿಕ್ ಸುತ್ತಿ ಇಟ್ಟುಕೊಂಡು ಹೋಗುತ್ತೇನೆ. ಮೂರು ತಾಲ್ಲೂಕುಗಳ ರೋಬೋಟ್ ಗ್ರಂಥಾಲಯ ಸದ್ಯಕ್ಕೆ ಇಷ್ಟೇ: ಒಂದು ಪುಸ್ತಕ, ಒಂದು ಸ್ಕೂಟರು.